ಕಾಲಡಿಯಲ್ಲಿ ಇಳಿದ ಪೆಡಲ್

"ಒತ್ತು."

ಒತ್ತಿದೆ.

"ಹಿಡ್ಕೊ. ಬುಡ್‌ಬ್ಯಾಡ."

ಹಿಡಿದೆ. ಸೀಟಿನ ತುದಿಗೆ ಜಾರಿ ಕೂತರೆ ಮಾತ್ರ ನನ್ನ ಕಾಲು ಬ್ರೇಕ್ ಪೆಡಲ್‌ಗೆ ಎಟುಕುತ್ತಿತ್ತು. ಅಪ್ಪ ಹಿಂದಿನ ಚಕ್ರದ ಹತ್ತಿರ ಮಲಗಿ, ಬ್ರೇಕಿನೊಳಗಿನ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿದ. ಪೆಡಲ್ ಸರ್ರನೆ ನೆಲಕ್ಕೆ ಹೋಯಿತು. ಅವನು ನಿಪ್ಪಲ್ ಬಿಗಿ ಮಾಡಿ "ಬುಡು" ಅನ್ನುವ ತನಕ ಹಾಗೇ ಅದುಮಿ ಹಿಡಿದಿರಬೇಕು. ತೊಡೆ ನಡುಗುತ್ತಿತ್ತು. ಎತ್ತಿಬಿಟ್ಟೆ.

"ಎತ್‌ಬುಟ್ಟೇನ್ಲಾ?"

"ಇಲ್ಲ ಪಾ."

"ಸುಳ್ ಬೊಗಳ್‌ಬ್ಯಾಡ. ಗಾಳಿ ವಾಪಸ್ ಎಳ್ಕತು. ಬೆಳಗ್ಗಿಂದ ಮಾಡಿದ್ದೆಲ್ಲ ಚರಂಡಿಗೆ."

ಎದ್ದು ಬಂದು ತೊಡೆಗೆ ಒಂದು ಬಾರಿಸಿದ. ಕೈಯಲ್ಲಿದ್ದ ಆಯಿಲ್ ನನ್ನ ಚಡ್ಡಿಗೆ ಹತ್ತಿತು. ಆ ವಾಸನೆ ಈಗಲೂ ಮೂಗಿನಲ್ಲಿದೆ.

ನನಗೆ ಆಗ ಹನ್ನೊಂದು ವರ್ಷ. ಮೇ ತಿಂಗಳು, ಸ್ಕೂಲಿಗೆ ರಜೆ. ಆಗ ನಾವು ತಮಿಳುನಾಡಿನ ಕ್ರೋಂಪೇಟೆಯ ಒಂದು ಗಲ್ಲಿಯಲ್ಲಿದ್ದೆವು. ಗಾಳಿ ಬೀಸಿದರೆ ಚರ್ಮದ ಕಾರ್ಖಾನೆಯ ನಾತ, ಇಲ್ಲದಿದ್ದರೆ ಅಪ್ಪನ ಬ್ರೇಕ್ ಆಯಿಲ್ ವಾಸನೆ. ಗಲ್ಲಿಯ ಹುಡುಗರು ಹಳೇ ಟೈರನ್ನು ಕರೆಂಟು ಕಂಬಕ್ಕೆ ಒರಗಿಸಿ ಅದನ್ನೇ ಸ್ಟಂಪು ಮಾಡಿಕೊಂಡು ಕ್ರಿಕೆಟ್ ಆಡುತ್ತಿದ್ದರು. ಮಧ್ಯಾಹ್ನ ಸೈಕಲ್ಲಿನಲ್ಲಿ ನುಂಗು ಬರುತ್ತಿತ್ತು. ನಮ್ಮೂರಿನಲ್ಲಿ ತಾಟಿನಿಂಗು ಅನ್ನುವುದು ಅದನ್ನೇ. ಅವ್ವ ಸಿಪ್ಪೆ ಸುಲಿದು ತಣ್ಣಗೆ ಬಾಯಿಗೆ ಇಡುತ್ತಿದ್ದಳು.

ಅಪ್ಪ ಮಳವಳ್ಳಿ ಕಡೆಯವನು. ಬೇವಿನ ಮರದ ಕೆಳಗೆ ಬ್ರೇಕ್ ಕೆಲಸ ಒಂದೇ ಮಾಡುತ್ತಿದ್ದ. ಗಿರಾಕಿಗಳ ಹತ್ತಿರ ತಮಿಳು, ನಾನೂ ಅವನಿಗೆ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದೆ. ಆದರೆ ಪೆಡಲ್ ಹತ್ತಿರ ಅವನಿಗೆ ಕನ್ನಡವೇ ಬರುತ್ತಿತ್ತು. ಒತ್ತು, ಹಿಡ್ಕೊ, ಬುಡು. ಪೆಡಲ್ ಒತ್ತಲು ಹೊರಗಿನವರನ್ನು ಕರೆಯುತ್ತಿರಲಿಲ್ಲ, ಮನೆಯವರೇ ಆಗಬೇಕು. ಗಾಡಿ ರಿಪೇರಿಯಾದ ಮೇಲೆ ಮೊದಲ ಸಲ ಓಡಿಸಿ ನೋಡುವಾಗ ಅವರೇ ಪಕ್ಕದಲ್ಲಿ ಕೂರಬೇಕು. ತನ್ನ ಜೀವವೂ ಅದೇ ಗಾಡಿಯಲ್ಲಿದ್ದರೆ ಒತ್ತಿದವರ ಕಾಲು ಸುಳ್ಳು ಹೇಳಲ್ಲ ಅನ್ನುತ್ತಿದ್ದ.

ಅವತ್ತು ನಾನು ಕೂತಿದ್ದ ಬಿಳಿ ಕಾರಿನದು ಪೆಡಲ್ ಮೆತ್ತಗಾಗಿದೆ ಅನ್ನುವ ದೂರು. ಅಪ್ಪ ನನಗೆ ಹೇಳಿಕೊಟ್ಟಿದ್ದ. ನಾಲ್ಕು ಸಲ ಒತ್ತಿದಾಗ ಗಟ್ಟಿಯಾದರೆ ಒಳಗೆ ಗಾಳಿ ಇದೆ. ಒತ್ತಿ ಹಿಡಿದಾಗ ಮೆಲ್ಲಗೆ ಇಳಿಯುತ್ತಾ ಹೋದರೆ ಚಕ್ರಗಳಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿದೆ. ಇದು ಇಳಿಯುತ್ತಿತ್ತು. ಅಪ್ಪ ಸಿಲಿಂಡರ್ ಬಿಚ್ಚಿ ಹೊಸ ರಬ್ಬರ್ ಹಾಕಿದ. ಆಮೇಲೆ ಗಾಳಿ ತೆಗೆಯುವ ಕೆಲಸ. ನಾನು ಕಾಲೆತ್ತಿದ್ದು ಅಲ್ಲೇ.

ಮತ್ತೆ ಮೊದಲಿನಿಂದ ನಾಲ್ಕೂ ಚಕ್ರ ಆಯಿತು. ಬಿಸಿಲಿಗೆ ಸೀಟು ಸುಡುತ್ತಿತ್ತು.

"ಕೊನೇದು ಕಣ್ಲಾ," ಅಂದ ಅಪ್ಪ. "ಒತ್ತಿ ಹಿಡ್ಕಂಡು ಮೂವತ್ತು ಎಣಿಸು. ನಾನು ಚಕ್ರದ ತಾವ ಲೀಕ್ ನೋಡ್ತೀನಿ. ಇಳಿದ್ರೆ ಹೇಳು."

ಹತ್ತರವರೆಗೆ ನಿಂತಿತ್ತು. ಹದಿನೈದಕ್ಕೆ ಕಾಲಡಿಯಲ್ಲಿ ಏನೋ ಸ್ವಲ್ಪ ಸರಿದ ಹಾಗಾಯಿತು. ಇಪ್ಪತ್ತಕ್ಕೆ ಗೊತ್ತಾಯಿತು, ಇಳಿಯುತ್ತಿದೆ. ಇದೂ ನನ್ನ ಕಾಲಿನದೇ ತಪ್ಪು ಅಂದುಕೊಂಡೆ. ಆಗ ಎತ್ತಿದ್ದೆನಲ್ಲ, ಅದೇ ಗಾಳಿ. ಹೇಳಿದರೆ ಇನ್ನೊಂದು ಏಟು, ಮತ್ತೆ ಮೊದಲಿನಿಂದ.

"ಏನಾಯ್ತ್ಲಾ?"

"ನಿಕ್ಕುದು ಪಾ," ಅಂದೆ. ನಿಲ್ಲುತ್ತಿದೆ ಅಂತ.

"ಸರಿಯಾಗ್ ನೋಡ್ದ್ಯಾ?"

"ಪಾತ್ತೇನ್ ಪಾ." ನೋಡಿದೆ ಅಂತ.

ಅಪ್ಪ ನಕ್ಕ. ಎರಡು ದಿನದಿಂದ ನಕ್ಕಿರಲಿಲ್ಲ. "ನಿನ್ ಕಾಲು ಈಗ ಬಂತು ದಾರಿಗೆ," ಅಂದ. ತಾನೂ ಬಗ್ಗಿ ಕೈಯಿಂದ ಎರಡು ಸಲ ಒತ್ತಿ ನೋಡಿದ. ಗಟ್ಟಿಯಿತ್ತು. ಅಷ್ಟಕ್ಕೆ ಗೊತ್ತಾಗುವುದಿಲ್ಲ. ಹಿಡಿದಿದ್ದರೆ ಮಾತ್ರ ಗೊತ್ತಾಗುತ್ತದೆ.

ಅವ್ವ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. "ಹತ್ಲಾ," ಅಂದ ಅಪ್ಪ. ನಾನು ಹೊಟ್ಟೆನೋವು ಅಂದೆ.

"ಬ್ಯಾಟಿಂಗ್ ಸಿಗ್ಲಿಲ್ಲ ಅಂತ ಹೊಟ್ಟೆನೋವು," ಅಂದಳು ಅವ್ವ. "ಬುಡಿ, ನಾನೇ ಬತ್ತೀನಿ. ಈ ಗಲ್ಲಿ ದಾಟಿ ಎಷ್ಟ್ ದಿನ ಆಯ್ತೋ."

ಸೆರಗಿಗೆ ಕೈ ಒರೆಸಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ನಿಂಬೆಹಣ್ಣು ಟಪ್ ಅಂತ ಒಡೆಯಿತು. ನಾನು ನೋಡುತ್ತಾ ನಿಂತೆ. ಆಮೇಲೆ ಟೈರಿನ ಹತ್ತಿರ ಆಡಲು ಹೋದೆ.

ಅವರು ಮೇಲ್ಸೇತುವೆ ಇಳಿಯುವಾಗ ಕೆಳಗೆ ಸಿಗ್ನಲ್ ಕೆಂಪು, ಗಾಡಿಗಳ ಸಾಲು. ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಬರಬೇಕು. ಪೆಡಲ್ ಮೆಲ್ಲಗೆ ನೆಲಕ್ಕೆ ಹೋಯಿತು. ಅಪ್ಪ ಮತ್ತೆ ಒತ್ತಿ ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಮರಳಿನ ಲಾರಿಯ ಹಿಂಭಾಗ ಬಂದುಬಿಟ್ಟಿತ್ತು. ಎಡಗಡೆಯೇ ತಗುಲಿತು. ಅಪ್ಪನಿಗೆ ಹಣೆಯಲ್ಲಿ ಗಾಯ. ಅವ್ವನ ಎರಡು ಮೊಣಕಾಲೂ ಪುಡಿಯಾದವು.

ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ಆ ಸಿಲಿಂಡರ್ ಮತ್ತೆ ಬಿಚ್ಚಿದ. ಒಂದು ರಬ್ಬರಿನ ಅಂಚು ಸೀಳಿತ್ತು. ಒಳಗೆ ತಳ್ಳುವಾಗ ಅವನ ಕೈಯಲ್ಲೇ ಸೀಳಿದ್ದು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಮರದ ಕೆಳಗೆ ಕೂತಿದ್ದ.

"ನನ್ ಕೈಯೇ ಹೋಯ್ತು," ಅಂದ. ನನ್ನನ್ನು ಏನೂ ಕೇಳಲಿಲ್ಲ. ನಾನು ಸುಳ್ಳು ಹೇಳಿರಬಹುದು ಅಂತ ಅವನಿಗೆ ಹೊಳೆಯಲೇ ಇಲ್ಲ.

ಕೈ ತಪ್ಪಿದ್ದು ನಿಜ. ಆದರೆ ಅಂಥ ತಪ್ಪು ಹಿಡಿಯುವುದಕ್ಕೇ ಮೂವತ್ತು ಎಣಿಸುವುದು. ಎಣಿಸಿದವನು ನಾನು.

ಅಪ್ಪ ಸ್ಪ್ಯಾನರ್‌ಗಳನ್ನು ಯಾರಿಗೋ ಕೊಟ್ಟುಬಿಟ್ಟ. ಅಪಾರ್ಟ್‌ಮೆಂಟಿನ ಗೇಟಿಗೆ ವಾಚ್‌ಮನ್ ಆಗಿ ಹೋದ. ಅವ್ವ ಆಮೇಲೆ ನೆಲದ ಮೇಲೆ ಕೂತು ಮುದ್ದೆ ಉಣ್ಣಲಿಲ್ಲ. ಕುರ್ಚಿಯಲ್ಲಿ, ತಟ್ಟೆ ತೊಡೆಯ ಮೇಲೆ. ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಈಗ ತಾಂಬರಂನಲ್ಲಿ ಬ್ರೇಕ್ ಕೆಲಸವೇ ಮಾಡುತ್ತೇನೆ. ಗಾಳಿ ತೆಗೆಯಲು ಮಿಷನ್ ಇದೆ, ಇನ್ನೊಬ್ಬರ ಕಾಲು ಬೇಡ. ಒತ್ತು, ಹಿಡ್ಕೊ ಅನ್ನುವವರು ಯಾರೂ ಇಲ್ಲ. ಕೊನೆಗೆ ಪೆಡಲ್ ಹಿಡಿದು ಎಣಿಸುವುದು ಮಾತ್ರ ನಾನೇ. ಮೂವತ್ತಕ್ಕೆ ನಿಲ್ಲಿಸಲು ಆಗುವುದಿಲ್ಲ. ನೂರು ಎಣಿಸುತ್ತೇನೆ, ಇನ್ನೂರು ಎಣಿಸುತ್ತೇನೆ. ಅಂಗಡಿಯವರು ಬೈಯುತ್ತಾರೆ.

ಹೋದ ವರ್ಷ ಒಂದು ಭಾನುವಾರ ಅಪ್ಪನ ಗೇಟಿನ ಹತ್ತಿರ ಹೋಗಿ ಹೇಳಿದೆ. ಕನ್ನಡದಲ್ಲೇ ಹೇಳಿದೆ.

"ಅಪ್ಪ, ಅವತ್ತು ಪೆಡಲ್ ಇಳೀತಿತ್ತು. ನಂಗೊತ್ತಿತ್ತು. ನಿಂತದೆ ಅಂತ ಸುಳ್ಳೇಳ್ದೆ. ಅದುಕ್ಕೇ ಗಾಡಿ ಹತ್ಲಿಲ್ಲ."

ಅಪ್ಪ ಒಂದು ಕಾರಿಗೆ ಗೇಟು ತೆಗೆದ. ಮುಚ್ಚಿದ. ಬಂದು ಕೂತ.

"ನನ್ ಸಮಾಧಾನುಕ್ ಹೇಳ್ತಿದ್ದೀಯ," ಅಂದ. "ನೀನು ಆವಾಗ ಮೊಗ. ನಿಂಗೇನ್ ಗೊತ್ತಾಗ್ತಿತ್ತು? ನನ್ ಕೈ ಅದು."

"ಇಲ್ಲಪ್ಪ. ನಿಜ."

"ಬುಡು."

ಅವತ್ತಿನ ಸುಳ್ಳನ್ನು ನಂಬಿದ. ಇದನ್ನು ನಂಬಲಿಲ್ಲ. ಎರಡು ಸಲ ಹೇಳಿದೆ, ಎರಡು ಸಲವೂ ಕೈಯನ್ನೇ ನೋಡಿಕೊಂಡ. ಅವ್ವನಿಗೆ ಇನ್ನೂ ಹೇಳಿಲ್ಲ.

ಇಷ್ಟೇ.