ಬಸವರಾಜನ ಮುಂಜಾನೆ

ಸ್ಪೇನಿನ ಗ್ರಾಹಕರ ಪ್ರಾಜೆಕ್ಟಿಗೆ ಸೇರಬೇಕಾದರೆ ಸ್ಪ್ಯಾನಿಶ್ ಕಲಿಯಲೇಬೇಕು ಎಂದು ಕಂಪನಿ ನಮ್ಮನ್ನು ಹೈದರಾಬಾದಿನ ಹಿಮಾಯತ್‌ನಗರದ ಒಂದು ಕ್ಲಾಸಿಗೆ ಹಾಕಿತ್ತು. ಕೊನೆಗೆ ಮೌಖಿಕ ಪರೀಕ್ಷೆ. ಏಳುವುದು, ಮುಖ ತೊಳೆದುಕೊಳ್ಳುವುದು, ತಲೆ ಬಾಚಿಕೊಳ್ಳುವುದು, ಹೀಗೆ ಮನುಷ್ಯ ತನಗೆ ತಾನೇ ಮಾಡಿಕೊಳ್ಳುವ ಕೆಲಸಗಳ ಕ್ರಿಯಾಪದ ಬಳಸಿ ನಮ್ಮ ಮುಂಜಾನೆಯನ್ನು ಹೇಳಬೇಕಿತ್ತು.

ನನ್ನ ಸರದಿಯಲ್ಲಿ ನಾನು ಆರಕ್ಕೆ ಎದ್ದೆ, ಹಲ್ಲುಜ್ಜಿದೆ, ವ್ಯಾಯಾಮ ಮಾಡಿದೆ, ಸ್ನಾನ ಮುಗಿಸಿ ನಿಧಾನವಾಗಿ ಕೂತು ತಿಂಡಿ ತಿಂದೆ.

ನನ್ನ ಪಕ್ಕದಲ್ಲಿದ್ದ ಕಲಬುರಗಿಯ ಬಸವರಾಜ ಐದಕ್ಕೇ ಎದ್ದ. ಆಮೇಲೆ ಅಪ್ಪನ ಮುಖ ತೊಳೆದ, ಅಪ್ಪನ ಗಡ್ಡ ಬೋಳಿಸಿದ, ಅಪ್ಪನಿಗೆ ಅಂಗಿ ತೊಡಿಸಿದ.

“ಅಪ್ಪನದಲ್ಲ, ನಿಮ್ಮದು ಹೇಳಿ” ಎಂದು ಮೇಡಂ ಇಂಗ್ಲಿಷಿನಲ್ಲಿ ತಿದ್ದಿದರು. ಅವನು ಮತ್ತೆ ಐದಕ್ಕೆ ಎದ್ದ, ಮತ್ತೆ ಅಪ್ಪನ ಹತ್ತಿರವೇ ಹೋದ. ಮೂರನೇ ಸಲವೂ ಹಾಗೇ ಆದಾಗ ನನ್ನ ಕಡೆ ತಿರುಗಿ ಮೆಲ್ಲಗೆ ಅಂದ, “ಅಪ್ಪಗ ಲಕ್ವಾ ಹೊಡದೈತ್ರಿ. ನಂದಂತ ಬ್ಯಾರೆ ಮುಂಜಾನಿ ಎಲ್ಲೈತ್ರಿ?”

ಮೇಡಂಗೆ ಹೇಳಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದ.

ಅವನಿಗೆ ಹತ್ತಕ್ಕೆ ಮೂರು ಬಂತು, ನನಗೆ ಹತ್ತಕ್ಕೆ ಹತ್ತು. ನಾನು ಹೇಳಿದ ಮುಂಜಾನೆಯಲ್ಲಿ ನಿಜವಾಗಿ ನಡೆದದ್ದು ಹಲ್ಲುಜ್ಜಿದ್ದೊಂದೇ.