ದೊಡ್ಡವ್ವನ ಮುಷ್ಟಿಯಲ್ಲಿದ್ದ ಬ್ಯಾಡ್ಜ್

ಮೊನ್ನೆ ಹಳೆಯ ಸೂಟ್‌ಕೇಸ್ ತೆರೆದಾಗ ಭಂಡಾರದ ವಾಸನೆ ಬಂತು. ಬೀರೇಶ್ವರನ ಗುಡಿಯ ಆ ಅರಿಶಿನ ಪುಡಿಯ ಪೊಟ್ಟಣ ಯಾವಾಗ ಅಲ್ಲಿ ಸೇರಿತ್ತೋ ನೆನಪಿಲ್ಲ. ಕೊಟ್ಟವಳು ಮಾತ್ರ ಕಣ್ಣ ಮುಂದೆ ಬಂದು ನಿಂತಳು... ರನ್ನ ಬೆಳಗಲಿಯ ನಮ್ಮ ಪಕ್ಕದ ಮನೆಯ ದೊಡ್ಡವ್ವ.

ಆಗ ನಾನು ದೂರದ ಪ್ರಯೋಗಾಲಯವೊಂದರಲ್ಲಿ ಸಂಶೋಧನೆಗೆ ಸೇರಿದ್ದೆ. ನಮ್ಮದು ಅಪರೂಪದ ಒಂದು ನ್ಯೂಕ್ಲಿಯಸ್‌ನ ಬೆನ್ನು ಹತ್ತುವ ಕೆಲಸ. ಅದನ್ನು ದೊಡ್ಡ ಯಂತ್ರದಲ್ಲಿ ಹುಟ್ಟಿಸಬೇಕು. ಹುಟ್ಟಿ ರೆಪ್ಪೆ ಮಿಟುಕಿಸುವುದರೊಳಗೆ ಕ್ಷಯಿಸಿ ಬೇರೊಂದಾಗಿಬಿಡುತ್ತದೆ. ಆಗ ಹೊರಬೀಳುವ ವಿಕಿರಣವನ್ನು ಹಿಡಿದು, ಅದು ಹೇಗಿತ್ತೆಂದು ತಿಳಿಯಬೇಕು.

ದೀಪಾವಳಿಗೆ ಊರಿಗೆ ಬಂದಾಗ ಪ್ರಯೋಗಾಲಯದ ಬ್ಯಾಡ್ಜ್ ಸ್ವೆಟರಿನ ಮೇಲೆ ಹಾಗೇ ಉಳಿದಿತ್ತು. ದೊಡ್ಡವ್ವ ಅದನ್ನೇ ನೋಡಿದಳು.

“ಆ ಕಿರಣದ ಮುಂದ ನಿಂದರಾಕ ಅಂಜಿಕಿ ಬರಂಗಿಲ್ಲೇನಬೇ?”

“ಇದು ಮೈಮ್ಯಾಲಿದ್ರ ಚಿಂತಿಲ್ಲ ದೊಡ್ಡವ್ವ,” ಎಂದೆ.

ಎಷ್ಟು ವಿಕಿರಣ ತಗುಲಿತೆಂದು ಅದು ತಿಳಿಸುತ್ತದೆಯೇ ಹೊರತು ತಡೆಯುವುದಿಲ್ಲ ಎಂದು ಯಾರು ಬಿಡಿಸಿ ಹೇಳುತ್ತಾ ಕೂರಬೇಕು? ಭಂಡಾರವನ್ನು ಸೆರಗಿಗೆ ಕಟ್ಟಿಕೊಳ್ಳದೆ ಹೊಸ್ತಿಲು ದಾಟದ ಹೆಂಗಸು ಅವಳು. ಆಮೇಲೆ ರಜೆಯುದ್ದಕ್ಕೂ ಸ್ವೆಟರ್ ಗೂಟಕ್ಕೆ ತೂಗಾಡುತ್ತಿತ್ತು, ನಾನು ಅದರ ಕಡೆ ನೋಡಲೂ ಇಲ್ಲ.

ಮರಳಿ ಹೋದ ಕೆಲವು ವಾರಗಳಿಗೆ ಸುರಕ್ಷತಾ ಅಧಿಕಾರಿ ಕರೆದರು. ನನ್ನ ಬ್ಯಾಡ್ಜ್ ಮಿತಿ ಮೀರಿದ ವಿಕಿರಣ ತೋರಿಸಿತ್ತು. ಯಂತ್ರದ ಹತ್ತಿರ ಸುಳಿಯಬೇಡಿ, ಮೊದಲು ರಕ್ತ ಪರೀಕ್ಷೆಯಾಗಲಿ ಎಂದರು. ಬಾಚಣಿಗೆಯಲ್ಲಿ ಕಂಡ ಕೂದಲನ್ನು ದಿನವೂ ಎಣಿಸತೊಡಗಿದೆ. ಕಾಣದ್ದು, ಸದ್ದಿಲ್ಲದ್ದು, ಮೈಯೊಳಗೆ ಹೊಕ್ಕು ಏನು ಮಾಡುತ್ತಿದೆಯೋ... ಅವ್ವನಿಗೆ ಹೇಳಲೂ ಬಾಯಿ ಬರಲಿಲ್ಲ.

ರಕ್ತದಲ್ಲಿ ದೋಷ ಕಾಣಲಿಲ್ಲ. ಅಧಿಕಾರಿಗೆ ಸಂಶಯ ಬಂತು. “ಕ್ಲಿಪ್ಪಿನಲ್ಲಿ ಹಳದಿ ಪುಡಿ ಸಿಕ್ಕಿಕೊಂಡಿದೆಯಲ್ಲ, ಏನಿದು?” ಎಂದು ಕೇಳಿದರು. ನಾನು ಹೊರಗೆ ಬಂದವಳೇ ದೊಡ್ಡವ್ವನಿಗೆ ಫೋನ್ ಮಾಡಿ, ಬ್ಯಾಡ್ಜಿನಲ್ಲಿ ಕಿರಣ ಬಹಳ ಬಂದಿದೆ, ನೀನೇನಾದರೂ ಒಯ್ದಿದ್ದೆಯಾ ಎಂದು ಕೇಳಿದೆ.

“ಹೌದ ಯವ್ವಾ, ನಾನ ಒಯ್ದಿದ್ನಿ,” ಅಂದಳು. “ಎದಿಯಾಗ ಗಂಟ ಆಗೇತಿ. ಮಿರಜ್ಯಾಗ ಕರೆಂಟ್ ಕೊಡಾಕತ್ತಾರ. ಮಗನ್ನ ಬಿಟ್ಟ ಯಾರ್ಗೂ ಹೇಳಿಲ್ಲ. ಒಬ್ಬಾಕಿನ್ನ ಒಳಗ ಮಲಗಿಸಿ ಎಲ್ಲಾರೂ ಹೊರಗ ಹೋಗಿಬಿಡ್ತಾರ... ಬಾಳ ಅಂಜಿಕಿ ಬಂತು. ನಿನ್ನ ಕಾಯೂದು ನನ್ನೂ ಕಾಯ್ಲಿ ಅಂತ ಅದನ್ನ ಮುಷ್ಟ್ಯಾಗ ಹಿಡಕೊಂಡ ಮಲಗಿದ್ನಿ. ಬಂದಮ್ಯಾಲ ತಿರುಗಿ ಸ್ವೆಟರ್‌ಗೆ ಸಿಗಿಸಿಟ್ನಿ.”

ಕ್ಯಾನ್ಸರಿನ ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಕರೆಂಟ್ ಕೊಡುವುದು ಅನ್ನುತ್ತಾರೆ. ನನ್ನ ಮೈಯ ಭಯ ಆ ಕ್ಷಣಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಭಯ ಬಂದು ಕೂತಿತು.

ಬೈಯುತ್ತೇನೆಂದುಕೊಂಡಳೇನೋ, ಮೆಲ್ಲಗೆ ಕೇಳಿದಳು.

“ನನಗ ತಾಗೂದೆಲ್ಲಾ ಅದರಾಗ ಬಂದೈತೇನು? ಹಂಗಾದ್ರ... ನಾ ಉಳೀತೀನಲ್ಲ?”

ರಾಶಿ ನ್ಯೂಕ್ಲಿಯಸ್‌ಗಳಿದ್ದರೆ, ಅವುಗಳಲ್ಲಿ ಅರ್ಧ ಎಷ್ಟು ಹೊತ್ತಿನಲ್ಲಿ ಇಲ್ಲವಾಗುತ್ತವೆ ಎಂದು ನಾನು ಲೆಕ್ಕ ಹಾಕಿ ಹೇಳಬಲ್ಲೆ. ಅವುಗಳಲ್ಲಿ ಇಂಥದೇ ಒಂದು ಯಾವಾಗ ಹೋಗುತ್ತದೆ ಎಂದು ಮಾತ್ರ ಯಾರಿಂದಲೂ ಹೇಳಲಾಗದು.

“ಹೂಂ ದೊಡ್ಡವ್ವ, ಉಳೀತಿ,” ಎಂದೆ.

ಮುಂದಿನ ಬೇಸಗೆಯಲ್ಲಿ ಅವಳು ಹೋದಳು. ಮಣ್ಣಿಗೆ ಹೋಗಲೂ ನನಗೆ ಆಗಲಿಲ್ಲ...

ಈಗ ನಾನೇ ಪಾಠ ಮಾಡುತ್ತೇನೆ. ಒಂದೇ ಒಂದು ನ್ಯೂಕ್ಲಿಯಸ್ ಎಷ್ಟು ಹೊತ್ತು ಬಾಳುತ್ತದೆ ಎಂದು ವಿದ್ಯಾರ್ಥಿಗಳು ಕೇಳಿದರೆ, ಹೇಳಲಾಗುವುದಿಲ್ಲ ಎಂದು ಸಲೀಸಾಗಿ ಅಂದುಬಿಡುತ್ತೇನೆ. ದೊಡ್ಡವ್ವ ಇದ್ದು ಇನ್ನೊಮ್ಮೆ ಕೇಳಿದ್ದರೆ, ಇನ್ನೊಮ್ಮೆಯೂ ಉಳೀತಿ ಅಂತಲೇ ಅನ್ನುತ್ತಿದ್ದೆ. ಕೇಳುವವಳೇ ಇಲ್ಲ.