ಟಾರ್ಚ್ ಅಕ್ಕನ ಗಾಜಿನ ಕೋಣೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಖಾಲಿ ರಂಗಮಂದಿರದಲ್ಲಿ ಎಣ್ಣೆ ಡಬ್ಬಿ ಹಿಡಿದ ಹೆಂಗಸೊಬ್ಬರು ಒಂದೊಂದೇ ಕುರ್ಚಿಯ ಮೇಲೆ ಕೂತು, ಎದ್ದು, ಕಿವಿಗೊಟ್ಟು ಕೇಳುತ್ತಿದ್ದಾರೆ. ಕಿರುಗುಟ್ಟಿದ ಕುರ್ಚಿಯ ಸಂದಿಗೆ ಎರಡು ಹನಿ ಬೀಳುತ್ತದೆ. "ನಾಯಕಿ ಪಿಸುಗುಡೋ ಹೊತ್ತಿಗೇ ನೀನು ಬಾಯಿ ಬಿಡಬೇಕಾ?" ಎಂದು ಕುರ್ಚಿಯನ್ನೇ ಗದರುತ್ತಾರೆ. "ಇವತ್ತು ಹೊಸ ನಾಟಕದ ಮೊದಲ್ನೇ ಶೋ. ನಂಗಂತೂ ನಿದ್ದೇನೇ ಬಂದಿಲ್ಲ!"

ನಾಟಕ ನೋಡುವವರಿಗೆಲ್ಲ ಇವರು ಟಾರ್ಚ್ ಅಕ್ಕ. ತಡವಾಗಿ ಬಂದವರನ್ನು ಪುಟ್ಟ ಬೆಳಕಿನಲ್ಲಿ ಸೀಟಿಗೆ ಮುಟ್ಟಿಸುವುದು ಇವರ ಕೆಲಸ. ರಂಗಸಜ್ಜಿಕೆಯ ಬಡಗಿಯಾಗಿದ್ದ ಗಂಡ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಾಗ, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡೇ ಈ ಬಾಗಿಲಿಗೆ ಬಂದು ನಿಂತವರು. ಮಗಳೀಗ ನರ್ಸ್. ಅಕ್ಕ ಮಾತ್ರ ಬಾಗಿಲು ಬಿಟ್ಟಿಲ್ಲ.

ಮೊಬೈಲ್ ಬೆಳಗಿಸಿದವರ ಪಕ್ಕದಲ್ಲಿ ಸುಮ್ಮನೆ ಹೋಗಿ ನಿಲ್ಲುತ್ತಾರೆ. "ಬೈದ್ರೆ ನನ್ನ ಬೈಗುಳಾನೇ ಇನ್ನೊಂದು ನಾಟಕ ಆಗುತ್ತೆ. ಚಿಪ್ಸ್ ಪೊಟ್ಟಣ ಕರಕರ ಅನ್ನಿಸೋರ ಕಿವೀಲಿ, 'ಒಳ್ಳೆ ಸೀನ್ ಬರ್ತಿದೆ, ತಪ್ಪಿಸ್ಕೋಬೇಡಿ' ಅಂತೀನಿ. ಕೈ ನಿಂತ್ಹೋಗುತ್ತೆ." ನಿಜವಾಗಿಯೂ ಬರುತ್ತದೆಯೇ ಎಂದರೆ ಕಿಸಕ್ಕನೆ ನಗುತ್ತಾರೆ. "ಬಂದೇ ಬರುತ್ತೆ, ಕಾಯಬೇಕಷ್ಟೆ."

ಕಳೆದ ತಿಂಗಳು ಮಾತ್ರ ಈ ಉಪಾಯಗಳು ನಡೆಯಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬಾತ ಪಕ್ಕದ ಮುದುಕಿಗೆ ಎಡೆಬಿಡದೆ ಏನೋ ಹೇಳುತ್ತಿದ್ದ. "ಮಾತಾಡೋದಾದ್ರೆ ಮನೆಗೆ ಹೋಗ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ವೇದಿಕೆಯ ಮೇಲಿದ್ದ ನಟ ಮಾತು ನಿಲ್ಲಿಸಿಯೇಬಿಟ್ಟ. ಅಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿದರು.

"ನಮ್ಮಮ್ಮಂಗೆ ಕಣ್ಣು ಕಾಣಲ್ಲ ಅಕ್ಕಾ. ಯಾರು ಬಂದ್ರು, ಯಾರು ಹೋದ್ರು ಅಂತ ಹೇಳ್ತಿದ್ದೆ" ಎಂದ ಆತ.

ತಾಯಿ ಆಗಲೇ ಎದ್ದು ಕುರ್ಚಿಯ ಬೆನ್ನು ತಡಕುತ್ತಿದ್ದರು. "ನಡಿ ಮಗಾ, ನನ್ನಿಂದ ಎಲ್ಲರಿಗೂ ತೊಂದರೆ."

"ಹೊರಗಲ್ಲಮ್ಮಾ, ಮೇಲಕ್ಕೆ" ಎಂದು ಅಕ್ಕ ಕೈ ಹಿಡಿದರು.

ಕರೆದೊಯ್ದದ್ದು ಬಾಲ್ಕನಿಯ ಹಿಂದೆ, ವೇದಿಕೆಯ ಬೆಳಕನ್ನು ಹತೋಟಿ ಮಾಡುವ ದೀಪದ ಕೋಣೆಗೆ. ಅದರ ಗಾಜಿನ ಕಿಟಕಿ ಮುಚ್ಚಿದರೆ ಒಳಗಿನ ಮಾತು ಹೊರಗೆ ಕೇಳುವುದಿಲ್ಲ. ನಾಟಕದ ಮಾತು ಸ್ಪೀಕರಿನಲ್ಲಿ ಒಳಗೆ ಬರುತ್ತದೆ. ದೀಪದವನು ಮೂತಿ ಉಬ್ಬಿಸಿದ. "ಮ್ಯಾನೇಜರಿಗೆ ಗೊತ್ತಾದ್ರೆ ಇಬ್ಬರ ಕೆಲಸಾನೂ ಹೋಗುತ್ತೆ!"

"ನಂದು ಹೋಗ್ಲಿ ಬಿಡು. ನೀನು ಸ್ಟೂಲ್ ಕೊಡು."

ಮ್ಯಾನೇಜರಿಗೆ ಗೊತ್ತಾಯಿತು. ನಾಟಕ ಮುಗಿದ ಮೇಲೆ ಧುಮುಗುಟ್ಟುತ್ತಾ ಮೆಟ್ಟಿಲು ಹತ್ತಿ ಬಂದರು. ಅವರ ಬೆನ್ನಿಗೇ ಮುಖದ ಬಣ್ಣ ಕೂಡ ಒರೆಸಿಕೊಳ್ಳದೆ ಆ ನಟನೂ ಬಂದ. "ಅಮ್ಮಾ, ನಾಟಕ ಹೇಗಿತ್ತು?"

"ನೀನು ಅಳೋ ಜಾಗದಲ್ಲಿ ಹೆಜ್ಜೆ ಸದ್ದು ತಡವರಿಸ್ತು ಕಣಪ್ಪ. ಅದು ಎದೆಗೇ ಬಂತು" ಎಂದರು ತಾಯಿ. ನಟ ಅವರ ಪಕ್ಕದಲ್ಲೇ ನೆಲದ ಮೇಲೆ ಕುಕ್ಕರಿಸಿದ. ಬೈಯಲು ಬಂದಿದ್ದ ಮ್ಯಾನೇಜರ್ "ಇಲ್ಲಿಗೊಂದು ಬೆಂಚು ಹಾಕ್ಸಿ" ಎಂದು ಇಳಿದುಹೋದರು.

ಈಗ ಆ ಕೋಣೆಗೆ ಬೆಂಚು ಬಂದಿದೆ. ಇವತ್ತಿನ ಹೊಸ ನಾಟಕಕ್ಕೆ ಆ ತಾಯಿ ಕಣ್ಣು ಕಾಣದ ತಮ್ಮ ಗೆಳತಿಯರನ್ನೂ ಕರೆತರುತ್ತಿದ್ದಾರೆ. ನೋಡಿ ಹೇಳಲು ಮಗ ಸಿದ್ಧ. ಅಕ್ಕನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

"ಕೊನೇಲಿ ಎಲ್ಲರೂ ಎದ್ದು ನಿಂತ್ಕೋತಾರಲ್ಲ, ಆಗ ಮೇಲಕ್ಕೆ ಓಡ್ಹೋಗಿ ಕಿಟಕಿ ತೆಗೀತೀನಿ. ಆ ಕೋಣೇಲಿ ಕೂತೋರ ಚಪ್ಪಾಳೆನೂ ವೇದಿಕೆಗೆ ಕೇಳಿಸ್ಬೇಕು. ಅಷ್ಟೇ ನನ್ನಾಸೆ."